ಬೇಸಿಗೆಯಲ್ಲಿ ಬಚ್ಚಲ ನೀರಿನ ಹೂದೋಟ

(ಮಹಿಳಾ ಮಂಡಲ ಮತ್ತು ಯುವಕ ಮಂಡಲದ ಕೂಡುಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಬಿತ್ತನೆ ಬೀಜ, ಗೊಬ್ಬರ, ಔಷಧಿ ಸಿಂಪಡಣೆ, ಇಷ್ಟನ್ನೇ ಹೇಳುತ್ತಾನೆ ಎಂದು ತಾವು ತಿಳಿದಿರಬಹುದು. ಇವತ್ತು ಅವು ಯಾವುದನ್ನೂ ನಾನು ಹೇಳುವುದಿಲ್ಲ. ಹೊಲದಲ್ಲಿ ಕೆಲಸ ಕಡಿಮೆ, ತಲೆಯ ಮೇಲೆ ಬಿಸಿಲು ಜಾಸ್ತಿ ಎನ್ನುವ ಈ ಚೈತ್ರ ವೈಶಾಖದ ದಿನಗಳಲ್ಲಿ, ಮನೆಯ ಹಿತ್ತಲಿನಲ್ಲಿ ನಾಲ್ಕು ಹೂಗಿಡ, ನಾಲ್ಕು ಸೊಪ್ಪಿನ ಗಿಡ ಇಟ್ಟುಕೊಂಡು ಸುಖಪಡುವುದು ಹೇಗೆ ಎಂಬುದನ್ನು ಹೇಳಬೇಕೆಂದಿದ್ದೇನೆ. ಸುಖಪಡುವುದು ಎಂಬ ಮಾತನ್ನು ಬೇಕೆಂದೇ ಹೇಳಿದೆ. ಗ್ರಾಮಾಭಿವೃದ್ಧಿ ಎಂದರೆ ರಸ್ತೆ, ಬಾವಿ, ಶಾಲೆ ಮಾತ್ರವಲ್ಲ. ದುಡಿದು ಬಂದವರು ಸಂಜೆ ಹೊತ್ತು ತಮ್ಮ ಮನೆಯಲ್ಲೇ ಸಂತೋಷವಾಗಿ ಕೂತಿರುವುದೂ ಅದರಲ್ಲಿ ಸೇರಿದೆ.

ಹೂದೋಟದ ಮಾತೆತ್ತಿದರೆ ನಮ್ಮ ಜನ ಎರಡು ಗಾದೆ ಹೇಳಿ ಬಾಯಿ ಮುಚ್ಚಿಸುತ್ತಾರೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬುದು ಒಂದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಹೂವನ್ನು ಆಡಂಬರ ಎನ್ನುತ್ತದೆ. ಎರಡನೆಯದು, ಕೈಗೆ ಸುಲಭವಾಗಿ ಸಿಕ್ಕುವುದಕ್ಕೆ ನಾವು ಬೆಲೆ ಕೊಡುವುದಿಲ್ಲ ಎನ್ನುತ್ತದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವ ನಾಡಿನಲ್ಲಿ ಗಾದೆಗೆ ಎದುರಾಡುವುದು ಕಷ್ಟ. ಆದರೂ ಒಂದೊಂದಾಗಿ ಎರಡಕ್ಕೂ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ನೀರಿನ ಲೆಕ್ಕ. ‘ಕುಡಿಯುವ ನೀರಿಗೇ ಪರದಾಡುವ ಬೇಸಿಗೆಯಲ್ಲಿ ಹೂವಿಗೆ ಎಲ್ಲಿಂದ ನೀರು ತರೋಣ?’ ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೂವಿಗೆಂದು ಒಂದು ಕೊಡವನ್ನೂ ಹೆಚ್ಚಿಗೆ ಹೊರಬೇಡಿ. ಐದು ಜನರ ಮನೆಯಲ್ಲಿ ಸ್ನಾನಕ್ಕೆ ತಲೆಗೊಂದು ಬಕೆಟ್ ಎಂದು ಹಿಡಿಯೋಣ. ಬಕೆಟಿಗೆ 15 ಲೀಟರಿನಂತೆ ದಿನಕ್ಕೆ 75 ಲೀಟರು, ತಿಂಗಳಿಗೆ 2,250 ಲೀಟರು ನೀರು ಬಚ್ಚಲಿನಿಂದ ಹೊರಗೆ ಹೋಗುತ್ತದೆ. ಇನ್ನು ಗಿಡಗಳ ಲೆಕ್ಕ. ಕಡುಬೇಸಿಗೆಯಲ್ಲಿಯೂ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ 5ರಿಂದ 6 ಲೀಟರು ನೀರಾದರೆ ಸಾಕು. 10 ಅಡಿ ಉದ್ದ, 10 ಅಡಿ ಅಗಲದ ಪಾತಿಯೆಂದರೆ 9 ಚದರ ಮೀಟರಿಗೆ ಸ್ವಲ್ಪ ಮೇಲೆ. ಅದಕ್ಕೆ ಬೇಕಾದುದು ದಿನಕ್ಕೆ ಸುಮಾರು 50 ಲೀಟರು. ಉಳಿದ ನೀರು ಎರಡು ಬಾಳೆಯ ಬುಡಕ್ಕೆ.

ಈ ನೀರು ಈಗ ಎಲ್ಲಿಗೆ ಹೋಗುತ್ತಿದೆ? ಮೋರಿಯ ಬಾಯಲ್ಲಿ ನಿಂತು, ಕೊಳೆತು, ನಾರುತ್ತದೆ. ಇಂಥ ಕೊಳೆನೀರು ಕ್ಯೂಲೆಕ್ಸ್ ಜಾತಿಯ ಸೊಳ್ಳೆಗೆ ತವರುಮನೆ. ಬೇಸಿಗೆಯ ಶಾಖದಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. ಅದೇ ನೀರನ್ನು ಗಿಡದ ಬೇರು ದಿನದಿನವೂ ಕುಡಿದುಬಿಟ್ಟರೆ ಸೊಳ್ಳೆಗೆ ತೊಟ್ಟಿಲು ಸಿಕ್ಕುವುದಿಲ್ಲ. ಆದುದರಿಂದ ನಮ್ಮ ಹೂದೋಟವು ಒಂದು ಕೈಯಲ್ಲಿ ಹೂವು ಕೊಟ್ಟು, ಇನ್ನೊಂದು ಕೈಯಲ್ಲಿ ಕೊಳಚೆ ಗುಂಡಿಯನ್ನು ಒಣಗಿಸುತ್ತದೆ.

ಮಾಡುವ ಕ್ರಮ ಹೀಗೆ. ಮೋರಿಯ ಬಾಯಲ್ಲಿ ಒಂದೂವರೆ ಅಡಿ ಆಳದ ಸಣ್ಣ ಗುಂಡಿ ತೋಡಿ, ಅಡಿಗೆ ಕಲ್ಲು, ಅದರ ಮೇಲೆ ಜಲ್ಲಿ, ಎಲ್ಲಕ್ಕೂ ಮೇಲೆ ದಪ್ಪ ಮರಳು ತುಂಬಿ. ಸೋಪಿನ ಜಿಡ್ಡು, ಕೂದಲು ಅಲ್ಲೇ ತಡೆಯುತ್ತದೆ. ತಿಂಗಳಿಗೊಮ್ಮೆ ಮೇಲಿನ ಮರಳನ್ನು ತೆಗೆದು ಬದಲಿಸಿದರಾಯಿತು. ಗುಂಡಿಯಿಂದ ಪಾತಿಗೆ ಇಳಿಜಾರಾಗಿ ಒಂದು ಕಾಲುವೆ ಮಾಡಿ. ನೀರು ಮೊದಲು ಮುಟ್ಟುವ ಕಡೆ ಬಾಳೆ, ಕಾಬಾಳೆ, ಲಾವಂಚ ಇಡಿ. ಇವು ಎಷ್ಟು ನೀರನ್ನಾದರೂ ಕುಡಿಯುತ್ತವೆ. ಆಮೇಲೆ ಮಲ್ಲಿಗೆ, ಕನಕಾಂಬರ, ದಾಸವಾಳ. ಗಿಡದ ಬುಡಕ್ಕೆ ಒಣ ಎಲೆ, ಹುಲ್ಲು, ಕಡಲೆಕಾಯಿ ಸಿಪ್ಪೆ, ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ಆರುವುದಿಲ್ಲ.

ಮೂರು ಎಚ್ಚರಿಕೆಗಳಿವೆ. ಬಟ್ಟೆ ಒಗೆಯುವ ಸೋಡಾ, ಬಿಳುಪಿನ ಪುಡಿ ಬೆರೆತ ನೀರನ್ನು ಪಾತಿಗೆ ಬಿಡಬಾರದು. ಅದರಿಂದ ಮಣ್ಣು ಗಟ್ಟಿಯಾಗಿ ಗಿಡ ಹಳದಿಯಾಗುತ್ತದೆ. ಮಕ್ಕಳ ಹೊಲಸು ಬಟ್ಟೆ ತೊಳೆದ ನೀರನ್ನೂ ಬಿಡಬಾರದು. ಮೂರನೆಯದು ಬಹಳ ಮುಖ್ಯ: ನಾವು ತಿನ್ನುವ ಸೊಪ್ಪಿಗೆ ಬಚ್ಚಲ ನೀರು ಕೂಡದು. ಪುದೀನ, ಕೊತ್ತಂಬರಿ, ದೊಡ್ಡಪತ್ರೆ, ತುಳಸಿ ಇವುಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಾಕಿ. ಅಡಿಗೆ ಮನೆಯ ಬಾಗಿಲ ಬಳಿ ಇವಕ್ಕೆ ಬೇರೆ ಮಡಿ ಮಾಡಿದರೆ ಒಗ್ಗರಣೆಗೆ ಕೈಗೆಟುಕುತ್ತವೆ. ಮಡಿಯ ಮಧ್ಯೆ ಒಂದು ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಿ. ಮಡಕೆ ಬೆವರಿದಂತೆ ನೀರು ಸುತ್ತಲಿನ ಬೇರಿಗೆ ಮೆಲ್ಲಗೆ ಇಳಿಯುತ್ತದೆ.

ಈಗ ಮೊದಲನೆಯ ಗಾದೆಗೆ ಉತ್ತರ ಹೇಳಬಹುದು. ಹಿಟ್ಟನ್ನು ಮಾರಿ ಹೂವು ಕೊಂಡವನಿಗೆ ಆ ಗಾದೆ ಸಲ್ಲುತ್ತದೆ. ಬಚ್ಚಲ ನೀರಿನಲ್ಲಿ ಬೆಳೆದ ಮಲ್ಲಿಗೆ ಯಾರ ಹಿಟ್ಟನ್ನೂ ಕದ್ದಿಲ್ಲ. ಆದರೆ ಗಂಡಸರಿಗೆ ಒಂದು ಮಾತು. ಗುಂಡಿ ತೋಡುವುದು, ಕಾಲುವೆ ತಿದ್ದುವುದು, ಗೊಬ್ಬರ ಹೊರುವುದು ನಿಮ್ಮ ಪಾಲು. ಹೂವು ತಾಯಂದಿರದು ಎಂದು ಹೇಳಿ ಗುದ್ದಲಿಯನ್ನೂ ಅವರ ಕೈಗೇ ಕೊಡಬೇಡಿ.

ಇನ್ನು ಈ ತೋಟದ ಸುಖ ಎಂಥದು ಎಂದು ಕೇಳಿ. ಹೂವುಗಳನ್ನು ನೋಡಿಯೇ ಹೊತ್ತು ಹೇಳಬಹುದು. ಬೆಳಿಗ್ಗೆ ದಾಸವಾಳ ಅರಳುತ್ತದೆ. ಸೂರಕ್ಕಿ ಬಂದು ಕೊಕ್ಕಿಟ್ಟು ಜೇನು ಹೀರುತ್ತದೆ. ಬಿಸಿಲೇರಿದಾಗ, ಮಕ್ಕಳು ಹತ್ತು ಗಂಟೆ ಹೂ ಎಂದು ಕರೆಯುವ ಟೇಬಲ್ ರೋಸ್ ಕಣ್ಣು ಬಿಡುತ್ತದೆ. ಅದು ನೀರು ಬೇಡದ ಗಿಡ. ಒಂದು ಚೂರು ಕಡ್ಡಿ ಊರಿದರೂ ಚಿಗುರುತ್ತದೆ. ನಡುಮಧ್ಯಾಹ್ನ ಎಲ್ಲವೂ ಬಾಡಿದಾಗ ಕಾಮಕಸ್ತೂರಿಯ ತೆನೆಯಲ್ಲಿ ಜೇನುಹುಳು ಮಾತ್ರ ದುಡಿಯುತ್ತಿರುತ್ತದೆ. ದನಗಳು ಮನೆಗೆ ಬರುವ ಹೊತ್ತಿಗೆ ಸಂಜೆಮಲ್ಲಿಗೆ ಬಿರಿಯುತ್ತದೆ. ಕರಿಮೆಣಸಿನಂತೆ ಕಾಣುವ ಅದರ ಬೀಜ ವಿಷ. ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಅದರ ಬದಲು ಕನಕಾಂಬರದ ಒಣಕಾಯಿಯನ್ನು ಮಕ್ಕಳ ಕೈಗೆ ಕೊಡಿ. ಅದಕ್ಕೆ ನೀರು ತಾಗಿಸಿದರೆ ಪಟಕ್ಕನೆ ಸಿಡಿದು ಬೀಜ ಹಾರುತ್ತದೆ. ಕಾಸು ಖರ್ಚಿಲ್ಲದ ಪಟಾಕಿ.

ಕತ್ತಲಾಗುವಾಗ ಬರುವುದು ದುಂಡುಮಲ್ಲಿಗೆಯ ಸರದಿ. ಇದಕ್ಕೆ ಬೇಸಿಗೆಯೇ ಸುಗ್ಗಿ. ಬೇರೆ ಗಿಡಗಳು ಬಾಯಾರುವ ದಿನಗಳಲ್ಲಿ ಇದು ಮೈತುಂಬ ಮೊಗ್ಗು ಬಿಡುತ್ತದೆ. ಮನೆಗೆ ಬೇಕಾದರೆ ಸಂಜೆ ಬೆಳ್ಳಗೆ ಬಲಿತ ಮೊಗ್ಗನ್ನು ಬಿಡಿಸಿ. ಪೇಟೆಗೆ ಕಳಿಸುವುದಾದರೆ ಸೂರ್ಯ ಹುಟ್ಟುವ ಮುಂಚೆಯೇ ಬಿಡಿಸಬೇಕು. ಜಗಲಿಯ ಮೇಲೆ ಕೂತು ಮಲ್ಲಿಗೆಯ ನಡುವೆ ಕನಕಾಂಬರ, ಅದರ ನಡುವೆ ಒಂದು ಎಸಳು ಮರುಗ ಇಟ್ಟು ಬಾಳೆನಾರಿನಲ್ಲಿ ಕಟ್ಟುವಾಗ ಅಕ್ಕಪಕ್ಕದವರು ಬಂದು ಸೇರುತ್ತಾರೆ. ಮಲ್ಲಿಗೆ ವಾಸನೆ ಕೊಡುತ್ತದೆ, ಆದರೆ ಒಂದೇ ರಾತ್ರಿ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಎರಡು ಮೂರು ದಿನ ಬಾಡದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನನ್ನ ವಲಯದ ಒಂದು ಹಳ್ಳಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಲ್ಲಿಗೆ ಬೆಳೆಸಿರುವವರು ಒಬ್ಬ ಅಜ್ಜಿ. ಊರ ಪದ್ಧತಿಯಂತೆ, ಗಂಡ ತೀರಿಕೊಂಡ ದಿನದಿಂದ ಅವರು ಹೂ ಮುಡಿದಿಲ್ಲ. ಕಟ್ಟಿದ ಹೂವನ್ನು ಕೇರಿಯ ಹೆಣ್ಣುಮಕ್ಕಳಿಗೆ ಗೇಣು ಗೇಣು ಹಂಚುತ್ತಾರೆ. ಒಂದು ದಿನ ಅವರೇ ನನಗೆ ಹೇಳಿದರು: “ಮುಡಿಯೋಕೆ ನಮಗಿಲ್ಲ ಕಣಪ್ಪ. ಸಂಜೆ ಹೊತ್ತು ಇಲ್ಲಿ ಕೂತ್ಕಂಡು ವಾಸ್ನೆ ತಗಳಾಕೆ ಯಾರ ಅಪ್ಪಣೆ ಬೇಕು?” ಹೂವು ಆಡಂಬರ ಎನ್ನುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಆ ಹಿತ್ತಲಿನಲ್ಲಿ ಅವರಿಗೆ ಉಳಿದಿರುವುದು ಆಡಂಬರವಲ್ಲ, ದಿನಕ್ಕೊಂದು ಗಳಿಗೆಯ ನೆಮ್ಮದಿ. ಗಿಡ ನೆಟ್ಟವರಿಗೆ ಮುಡಿಯುವ ಹಕ್ಕೂ ಇರಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಈ ವಿಷಯವನ್ನು ಮಂಡಲದ ತಾಯಂದಿರು ತಾವೇ ಕೂತು ಮಾತಾಡಿ ತೀರ್ಮಾನಿಸಿದರೆ ನನ್ನ ಹತ್ತು ಭಾಷಣಗಳಿಗಿಂತ ಹೆಚ್ಚು ಬೆಲೆ.

ಇನ್ನು ಎರಡನೆಯ ಗಾದೆ. ಹಿತ್ತಲ ಗಿಡ ಮದ್ದಲ್ಲವೇ? ನಿತ್ಯಪುಷ್ಪವನ್ನು ತಾವೆಲ್ಲ ಬಲ್ಲಿರಿ. ನೀರಿಲ್ಲದಿದ್ದರೂ, ಗೋಡೆಯ ಬಿರುಕಿನಲ್ಲೂ ಹೂ ಬಿಡುವ ಗಿಡ. ಇದರ ಮೂಲ ಮಡಗಾಸ್ಕರ್ ದ್ವೀಪ. ಜಮೈಕಾ ದ್ವೀಪದ ಜನ ಸಕ್ಕರೆ ಕಾಯಿಲೆಗೆಂದು ಇದರ ಎಲೆಯ ಕಷಾಯ ಕುಡಿಯುತ್ತಿದ್ದರು. ಆ ಎಲೆ ಕೆನಡಾದ ಒಂದು ಪ್ರಯೋಗಶಾಲೆಗೆ ಹೋಯಿತು. ಅಲ್ಲಿ ನೋಡಿದರೆ ಸಕ್ಕರೆ ಇಳಿಯಲಿಲ್ಲ, ರಕ್ತದಲ್ಲಿನ ಬಿಳಿಯ ಕಣಗಳು ಇಳಿದವು. ರಾಬರ್ಟ್ ನೋಬಲ್, ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಅದರಿಂದ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಇದೇ ಗಿಡದಿಂದ ದೊರೆತ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧವನ್ನು ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಕೊಡುತ್ತಾರೆ. ನಾವು ತುಳಿದುಕೊಂಡು ಓಡಾಡುವ ಗಿಡದ ಮಹಿಮೆ ಇದು.

ಆದರೆ ಇಲ್ಲಿ ಒಂದು ಬೇಲಿಯನ್ನೂ ಹಾಕಬೇಕು. ಈ ಮಾತು ಕೇಳಿ ಯಾರೂ ನಿತ್ಯಪುಷ್ಪದ ಎಲೆ ಅಗಿಯಬಾರದು, ಅದು ವಿಷ. ಪ್ರಯೋಗಶಾಲೆಯಲ್ಲಿ ಶುದ್ಧಿಮಾಡಿ, ತೂಕ ನೋಡಿ, ವೈದ್ಯರು ಸೂಜಿಯ ಮೂಲಕ ಕೊಡುವುದು ಬೇರೆ; ಹಿತ್ತಲಿನಲ್ಲಿ ಕಿತ್ತು ತಿನ್ನುವುದು ಬೇರೆ. ನಮ್ಮ ಹಿತ್ತಲು ಮಾಡುವ ಉಪಕಾರ ಸಣ್ಣದು, ದಿನನಿತ್ಯದ್ದು. ದೊಡ್ಡಪತ್ರೆಯ ಹತ್ತು ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿಯಾಯಿತು. ಬಿಸಿಲಲ್ಲಿ ಬಂದವರಿಗೆ ಊಟ ಸೇರುತ್ತದೆ. ಮಜ್ಜಿಗೆಹುಲ್ಲಿನ ಎರಡು ಗರಿ ಹಾಕಿದ ಮಜ್ಜಿಗೆಗೆ ಬೇರೆ ಮಸಾಲೆ ಬೇಡ. ಕಾಮಕಸ್ತೂರಿಯ ಬೀಜವನ್ನು ನೆನೆಹಾಕಿ ಉಬ್ಬಿದ ಮೇಲೆ ಬೆಲ್ಲದ ಪಾನಕಕ್ಕೆ ಬೆರೆಸಿ. ಲಾವಂಚದ ಬೇರು ಬಲಿಯಲು ಒಂದೂವರೆ ವರ್ಷ ಬೇಕು. ಕಿತ್ತು, ಚೆನ್ನಾಗಿ ತೊಳೆದು, ಒಣಗಿಸಿ ಇಟ್ಟುಕೊಂಡರೆ ಬೀಸಣಿಗೆ ಮಾಡಲು, ಕಿಟಕಿಯ ತಟ್ಟಿಗೆ ಕಟ್ಟಿ ನೀರು ಚಿಮುಕಿಸಲು ಬರುತ್ತದೆ. ನೆಗಡಿಗೆ ತುಳಸಿಯ ಕಷಾಯ ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಮಗುವಿಗೆ ಜ್ವರ ಎರಡು ದಿನ ನಿಂತರೆ, ಉಸಿರು ಏದುತ್ತಿದ್ದರೆ ಕಷಾಯ ಕಾಯಿಸುತ್ತಾ ಕೂರದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ಈಗ ಮಾಡಬೇಕಾದ ಕೆಲಸ ಇಷ್ಟು. ಬೇಸಿಗೆಯಲ್ಲಿ ಮಲ್ಲಿಗೆ ಸಸಿ ನೆಡಬೇಡಿ. ಬೇರೂರುವ ಮುಂಚೆಯೇ ಬಾಡುತ್ತದೆ. ಈಗ ಮೋರಿಯ ಗುಂಡಿ, ಕಾಲುವೆ ಸಿದ್ಧಮಾಡಿ. ಟೇಬಲ್ ರೋಸ್, ದೊಡ್ಡಪತ್ರೆಯ ಕಡ್ಡಿ ಊರಿ, ಜೀನಿಯಾ, ಸಂಜೆಮಲ್ಲಿಗೆ ಬೀಜ ಬಿತ್ತಿ. ಇವು ಬಿಸಿಲಿಗೆ ಹೆದರುವುದಿಲ್ಲ. ಕೊತ್ತಂಬರಿ ಬೇಕಾದವರು ಕಾಳನ್ನು ಎರಡು ಹೋಳು ಮಾಡಿ ನೆರಳಿನ ಮಡಿಯಲ್ಲಿ ಬಿತ್ತಿ. ಬಿಸಿಲಿನಲ್ಲಾದರೆ ಬೇಗ ಹೂಕಟ್ಟಿ ಸೊಪ್ಪು ಹೋಗುತ್ತದೆ. ಮಲ್ಲಿಗೆಗೆ ದಿನವೆಲ್ಲ ಬಿಸಿಲು ಬೀಳುವ ಜಾಗದಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮುಂಗಾರು ಬಿದ್ದಾಗ ಮಣ್ಣಿಗೆ 10 ಕಿಲೋ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಬೇರುಬಿಟ್ಟ ಕಡ್ಡಿ ನೆಡಿ. ಹಳೆಯ ಗಿಡವಿದ್ದವರು ಡಿಸೆಂಬರಿನಲ್ಲಿ ಮೊಣಕಾಲೆತ್ತರಕ್ಕೆ ಸವರಿ, ಗೊಬ್ಬರ ನೀರು ಕೊಟ್ಟರೆ ಫಾಲ್ಗುಣಕ್ಕೆ ಮೊಗ್ಗು ಕಾಣುತ್ತದೆ.

ಮೋರಿಯ ಬಾಯಿಯ ಕಸ ತೆಗೆಯುವುದರಿಂದ ನಾಳೆ ಬೆಳಿಗ್ಗೆ ಕೆಲಸ ಆರಂಭಿಸಿ. ಕಾಬಾಳೆ ಗೆಡ್ಡೆ, ದೊಡ್ಡಪತ್ರೆ ಕಡ್ಡಿ ಇದ್ದವರು ಇಲ್ಲದವರಿಗೆ ಕೊಡಿ. ಇವು ಕೊಟ್ಟಷ್ಟೂ ಹೆಚ್ಚುತ್ತವೆ. ಮುಂದಿನ ತಿಂಗಳ ಸಭೆಗೆ ಬರುವಾಗ ಹಿತ್ತಲಿನಿಂದ ಒಂದು ಹೂವನ್ನೋ ಒಂದು ಎಲೆಯನ್ನೋ ತನ್ನಿ, ನೋಡೋಣ.