ಕೆ-2: ಗುರುತಿನ ಸಂಖ್ಯೆಯೇ ಹೆಸರಾದ ಶಿಖರ

ಎವರೆಸ್ಟನ್ನು ಬಿಟ್ಟರೆ ಭೂಮಿಯ ಮೇಲಿನ ಅತಿ ಎತ್ತರದ ಶಿಖರ ಕೆ-2. ಅದರ ಎತ್ತರ 8,611 ಮೀಟರ್. ಹಿಮಾಲಯದ್ದೆಂದು ಅನೇಕರು ತಿಳಿದಿರುವ ಈ ಶಿಖರ ನಿಂತಿರುವುದು ಅದರಾಚೆಯ ಕಾರಕೋರಂ ಶ್ರೇಣಿಯಲ್ಲಿ. ಒಂದು ಮಗ್ಗುಲಿಗೆ ಪಾಕಿಸ್ತಾನದ ವಶದಲ್ಲಿರುವ ಬಾಲ್ಟಿಸ್ತಾನ, ಇನ್ನೊಂದಕ್ಕೆ ಚೀನದ ವಶದಲ್ಲಿರುವ ನೆಲ. ಎವರೆಸ್ಟಿಗಿಂತ ಸುಮಾರು ಎಂಟು ಡಿಗ್ರಿ ಉತ್ತರಕ್ಕಿರುವುದರಿಂದ ಇಲ್ಲಿನ ಚಳಿಗಾಲ ಘೋರ. ಆ ಕಾಲದಲ್ಲಿ ಇದರ ನೆತ್ತಿ ಮುಟ್ಟಲು 2021ರ ಜನವರಿಯವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ.

ಇಂಥ ಶಿಖರಕ್ಕೆ ಒಂದು ಅಕ್ಷರ, ಒಂದು ಅಂಕೆ ಮಾತ್ರ ಹೆಸರಾಗಿ ಉಳಿದದ್ದು ಹೇಗೆ? 1856ರಲ್ಲಿ ಸರ್ವೆ ಅಧಿಕಾರಿ ಥಾಮಸ್ ಮಾಂಟ್ಗೊಮೆರಿ ಕಾಶ್ಮೀರದ ಹರಮುಖ್ ಬೆಟ್ಟ ಹತ್ತಿದರು. ಉತ್ತರಕ್ಕೆ, ಇನ್ನೂರು ಕಿಲೋಮೀಟರಿಗೂ ದೂರದಲ್ಲಿ, ಎರಡು ಶಿಖರಗಳು ತಲೆಯೆತ್ತಿದ್ದವು. ಅವನ್ನು ಗೆರೆಗಳಲ್ಲಿ ಗುರುತಿಸಿ ಕೆ-1, ಕೆ-2 ಎಂದು ಬರೆದುಕೊಂಡರು. ಕೆ ಎಂದರೆ ಕಾರಕೋರಂ, ಅಷ್ಟೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರರೇಖೆ ಅಳೆದಿದ್ದರಲ್ಲ, ಆ ತ್ರಿಕೋನ ಮಾಪನವೇ ಬೆಳೆದು ಬೆಳೆದು ಹೀಗೆ ಕಾಶ್ಮೀರ ಮುಟ್ಟಿತ್ತು.

ಸ್ಥಳೀಯರ ಹೆಸರು ಸಿಕ್ಕರೆ ಅದನ್ನೇ ನಕ್ಷೆಗೆ ಏರಿಸಬೇಕೆಂಬುದು ಸರ್ವೆಯವರ ನಿಯಮ. ಕೆ-1ಕ್ಕೆ ಹೆಸರು ಸಿಕ್ಕಿತು, ಮಾಷೆರ್‌ಬ್ರುಮ್. ಹೂಷೆ ಕಣಿವೆಯ ಜನಕ್ಕೆ ಅದು ಕಣ್ಣೆದುರಿನ ಬೆಟ್ಟ. ಕೆ-2ರ ವಿಚಾರಕ್ಕೆ ಹುಡುಕಾಟ ಬರಿಗೈಯಾಯಿತು. ದಾರಿಯ ಕೊನೆಯ ಹಳ್ಳಿ ಆಸ್ಕೋಲೆ. ಅಲ್ಲಿಂದ ಶಿಖರ ಕಾಣುವುದೇ ಇಲ್ಲ. ಮುಂದೆ 60 ಕಿಲೋಮೀಟರಿಗೂ ಉದ್ದದ ಬಾಲ್ಟೊರೊ ಹಿಮನದಿ. ಕಲ್ಲು, ಮಂಜುಗಡ್ಡೆ ತುಳಿಯುತ್ತ ದಿನಗಟ್ಟಲೆ ನಡೆದು ಹಿಮನದಿಗಳು ಕೂಡುವ ಕಾನ್‌ಕಾರ್ಡಿಯಾ ತಲುಪಿದಾಗ ಅದು ಬುಡದಿಂದ ತುದಿಯವರೆಗೆ ಎದುರಾಗುತ್ತದೆ. ಕುರಿಗೆ ಹುಲ್ಲಿಲ್ಲದ, ಹೊಲಕ್ಕೆ ಮಣ್ಣಿಲ್ಲದ ಅಷ್ಟು ದೂರಕ್ಕೆ ಹಳ್ಳಿಯವರು ಯಾಕೆ ಹೋಗಬೇಕು? ನಿತ್ಯ ಕಾಣದ ಬೆಟ್ಟಕ್ಕೆ ಹೆಸರು ಹುಟ್ಟುವುದು ಕಷ್ಟ.

ಛೋಗೊರಿ ಎಂಬ ಹೆಸರೊಂದಿದೆ. ಬಾಲ್ಟಿಯಲ್ಲಿ ಅದಕ್ಕೆ ದೊಡ್ಡ ಬೆಟ್ಟವೆಂದಷ್ಟೇ ಅರ್ಥ. ಹೊರಗಿನಿಂದ ಬಂದವರು ಕೇಳಿದ್ದಕ್ಕೆ ಸಿಕ್ಕ ಉತ್ತರವೇ ಹೆಸರಾಗಿರಬಹುದೆಂಬ ಸಂಶಯ ಹಳೆಯದು. ಚೀನದ ನಕ್ಷೆಗಳಲ್ಲಿ ಇಂದಿಗೂ ಅದರದೇ ರೂಪ. ಬಾಲ್ಟೊರೊ ಪ್ರದೇಶದ ನಕ್ಷೆ ಬರೆದ ಗಾಡ್ವಿನ್-ಆಸ್ಟಿನ್ ಅವರ ಹೆಸರಿಡುವ ಸೂಚನೆಯೂ ಬಂತು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಒಪ್ಪಲಿಲ್ಲ. ಅವರ ಹೆಸರು ಶಿಖರದ ಬುಡದ ಹಿಮನದಿಗೆ ಉಳಿಯಿತು. ಟಿಬೆಟಿನವರ ಚೊಮೊಲುಂಗ್ಮಾ ಇದ್ದರೂ 1865ರಲ್ಲಿ ಎವರೆಸ್ಟ್ ಎಂಬ ಅಧಿಕಾರಿಯ ಹೆಸರು ಹೊತ್ತ ಶಿಖರಕ್ಕೆ ಆದ ಅನ್ಯಾಯ ಇದಕ್ಕೆ ಆಗಲಿಲ್ಲವಲ್ಲ ಎಂಬುದು ನನಗೆ ಸಮಾಧಾನ.

1954ರ ಜುಲೈ 31ರಂದು ಇಟಲಿಯ ಲಾಚೆದೆಲ್ಲಿ, ಕೊಂಪಾನ್ಯೋನಿ ಮೊದಲು ತುದಿ ಮುಟ್ಟಿದರು. ಅವರಿಗಾಗಿ ಆಮ್ಲಜನಕದ ಸಿಲಿಂಡರುಗಳನ್ನು ಮೇಲಕ್ಕೆ ಹೊತ್ತವರು ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾದ ಅಮೀರ್ ಮೆಹ್ದಿ. ಹಿಂದಿನ ರಾತ್ರಿಯನ್ನು ಡೇರೆಯಿಲ್ಲದೆ ಮಂಜಿನಲ್ಲೇ ಕಳೆದ ಮೆಹ್ದಿ ಹಿಮಹುಣ್ಣಿನಿಂದ ಕಾಲ್ಬೆರಳುಗಳನ್ನು ಕಳೆದುಕೊಂಡರು. ಇಂದಿಗೂ ಪರ್ವತಾರೋಹಿಗಳ ಹೊರೆ ಹೊರುವ ಬಾಲ್ಟಿಗಳು ಈ ಶಿಖರವನ್ನು ‘ಕೇಟು’ ಎನ್ನುತ್ತಾರೆ, ತಮ್ಮದೇ ಮಾತೆಂಬಂತೆ. ಸರ್ವೆಯವರು ಹುಡುಕುತ್ತಿದ್ದ ಸ್ಥಳೀಯ ಹೆಸರು ಈಗ ಅದೇ ಎಂದು ನಾನು ನಂಬಿದ್ದೇನೆ.