ಐಶ್ವರ್ಯಕ್ಕೆ ಕಾರಣವೇನು?



ಐಶ್ವರ್ಯವು ದೈವದಿಂದ ಲಭಿಸುವುದೋ, ಪುರುಷಪ್ರಯತ್ನದಿಂದ ಲಭಿಸುವುದೋ ಎಂಬ ಚರ್ಚೆಯು ಬಹು ಪುರಾತನವಾದುದು. ಸಿರಿವಂತನು ತನ್ನ ಸಿರಿಯನ್ನು ಪ್ರಯತ್ನದ ಫಲವೆನ್ನುವನು. ನೆರೆಯವನ ಬಡತನವನ್ನು ಮಾತ್ರ ಹಣೆಯ ಬರಹವೆನ್ನುವನು. ಈ ಎರಡು ಬಗೆಯ ಲೆಕ್ಕವು ಒಂದೇ ಬಾಯಲ್ಲಿ ಹೇಗೆ ಹೊಂದೀತು? ಪಾಠಶಾಲೆಯಲ್ಲಿ ನಾವು ದೈವ, ಪುರುಷಕಾರಗಳೆಂಬ ಎರಡು ಕಾರಣಗಳನ್ನೇ ಓದಿದೆವು. ನಮ್ಮ ಸೀಮೆಯ ಭತ್ತದ ಕಣವನ್ನು ನೋಡಿದರೆ ಮೂರನೆಯದೊಂದು ಕಾಣುತ್ತದೆ.

ಮಳೆ ಬೀಳುವುದು ದೈವ. ಉತ್ತು, ನಟ್ಟು, ಕಳೆ ತೆಗೆಯುವುದು ಪ್ರಯತ್ನ. ಇವೆರಡೂ ಕೂಡಿ ರಾಶಿಯಾದ ಮೇಲೆ, ಹಿಂದೆ, ಗೇಣಿಯನ್ನು ಅಳೆಯಲು ಒಡೆಯನ ಕೊಳಗವು ಬರುತ್ತಿತ್ತು. ಅದು ಎಷ್ಟು ದೊಡ್ಡದೆಂಬುದನ್ನು ನಿಶ್ಚಯಿಸುತ್ತಿದ್ದುದು ಮಳೆಯೂ ಅಲ್ಲ, ನೇಗಿಲೂ ಅಲ್ಲ. ಹುಟ್ಟಿನಿಂದ ಬಂದ ಅಂತಸ್ತು. ಶಿವಮೊಗ್ಗೆಯ ಪಡುವಣದ ಸಾಗರ ತಾಲ್ಲೂಕಿನಲ್ಲಿ, ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹ ಹೂಡಿದಾಗ ಕೊಳಗದ ಅಳತೆಯೂ ಅವರ ದೂರುಗಳಲ್ಲಿ ಒಂದಾಗಿತ್ತು. ಅವರಲ್ಲಿ ಬೆವರಿಗೇನು ಬರವಿತ್ತೇ? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಿಂದ ಎಷ್ಟೋ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ತಾವೇ ಒಡೆಯರಾದರು. ಅದೇ ನೆಲ, ಅದೇ ಮಳೆ, ಅದೇ ತೋಳು, ಬದಲಾದುದು ಕಟ್ಟಳೆಯೊಂದೇ. ಪೂರ್ವಕರ್ಮವೆಂದು ತಿಳಿದಿದ್ದ ಬಡತನವು ಕಟ್ಟಳೆ ಬದಲಾದೊಡನೆ ಸಡಿಲವಾಯಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಯವನು ಮಾತ್ರ ಬಹುಮಟ್ಟಿಗೆ ಇದ್ದಲ್ಲಿಯೇ ಉಳಿದನು.

ನಮ್ಮ ನೆರೆಯ ಭದ್ರಾವತಿಯೂ ಇದನ್ನೇ ಸಾರುತ್ತದೆ. ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆಯು ಕೆಲಸ ಮಾಡತೊಡಗಿತು. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಮಲೆನಾಡಿನಲ್ಲಿ ಇದ್ದಿಲಿಗೆ ಮರ, ಭದ್ರೆಯಲ್ಲಿ ನೀರು ಇದ್ದುದನ್ನು ದೈವದ ಕೊಡುಗೆಯೆನ್ನೋಣ. ಆದರೆ ವಿಶ್ವೇಶ್ವರಯ್ಯನವರ ದೂರದೃಷ್ಟಿಯೂ, ಪ್ರಜೆಗಳ ಕಂದಾಯದಿಂದ ತುಂಬಿದ ಮೈಸೂರು ಸಂಸ್ಥಾನದ ಬೊಕ್ಕಸವೂ ಇಲ್ಲದಿದ್ದರೆ ಆ ಅದಿರು ಮಣ್ಣಾಗಿಯೇ ಉಳಿಯುತ್ತಿತ್ತು. ಕುಲುಮೆಯ ಮುಂದೆ ದುಡಿದವರು ಮಕ್ಕಳನ್ನು ಓದಿಸಿದರು. ಅವರನ್ನು ನಂಬಿ ಅಂಗಡಿಯಿಟ್ಟವರೂ ಸ್ಥಿತಿವಂತರಾದರು. 1936ರಲ್ಲಿ ಸ್ಥಾಪಿತವಾದ ಅಲ್ಲಿಯ ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಆ ದಿನ ಕೆಲಸವಿಲ್ಲದಂತಾದವರು ಹಿಂದಿನ ದಿನಕ್ಕಿಂತ ಸೋಮಾರಿಗಳಾಗಿದ್ದರೇ? ಅವರ ಮನೆಯ ಕಷ್ಟವನ್ನು ಕಂಡು ಪ್ರಾರಬ್ಧವೆಂದುಬಿಡುವುದು ನ್ಯಾಯವಲ್ಲ. ನಾವು ದೈವವೆಂದು ಕರೆಯುವುದರಲ್ಲಿ ಬಹುಭಾಗವು ಮನುಷ್ಯರು ಮಾಡಿದ ತೀರ್ಮಾನವೇ ಆಗಿರುತ್ತದೆ. ಮನುಷ್ಯರು ಮಾಡಿದುದನ್ನು ಮನುಷ್ಯರು ತಿದ್ದಬಹುದು.

ಹೀಗೆಂದು ಪ್ರಯತ್ನವು ವ್ಯರ್ಥವೆಂದು ತಿಳಿಯಲಾಗದು. ಬಿತ್ತದವನಿಗೆ ಕೊಳಗವು ಎಷ್ಟು ಸರಿಯಿದ್ದರೇನು? ಕಾಯಕವು ಎಲ್ಲರಿಗೂ ವಿಹಿತವೇ. ಆದರೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಪತಿಯಾದ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆ ತಾಯಿ ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಅವರು ಹಳಿದುದು ಶ್ರಮವನ್ನಲ್ಲ, ಆಸೆಯನ್ನು.

ಆದುದರಿಂದ ಮಠದ ದಾಸೋಹಕ್ಕೆ ಭತ್ತವನ್ನು ಕಳುಹಿಸುವಾಗ ದಾನ ಮಾಡಿದೆನೆಂಬ ಭಾವವು ಬೇಡ. ನಮ್ಮ ರಾಶಿಯಲ್ಲಿ ಮಳೆಯ ಪಾಲುಂಟು, ಕೂಲಿಯವನ ಪಾಲುಂಟು, ನಾವು ಹೆಸರರಿಯದ ಪ್ರಜೆಗಳ ಪಾಲುಂಟು. ಕೊಡುವುದೆಂದರೆ ಆ ಋಣವನ್ನು ತೀರಿಸುವುದು. ಅದಕ್ಕೂ ಮೊದಲು ಕೂಲಿಯ ಲೆಕ್ಕದಲ್ಲಿ, ಬಡ್ಡಿಯ ಲೆಕ್ಕದಲ್ಲಿ ನಮ್ಮ ನಮ್ಮ ಮನೆಯ ಕೊಳಗವನ್ನು ಸರಿಮಾಡಿಕೊಳ್ಳೋಣ. ಅಳತೆ ತಪ್ಪಿದ ಕೊಳಗದ ಭತ್ತವು ದಾಸೋಹಕ್ಕೆ ಸಲ್ಲದು.