ದೋಣಿ ಯಂತ್ರದ ಪೆಟ್ರೋಲು ಕೊಳವೆ

(ಕರಾವಳಿಯ ಹಳ್ಳಿಗಳ ರೈತರ ಕೂಟದಲ್ಲಿ ಮಾಡಿದ ಭಾಷಣ)



ಈ ದಿನ ತಮ್ಮೊಡನೆ ನಾನು ಮಾತನಾಡಬೇಕೆಂದಿರುವ ವಸ್ತು ಬಹಳ ಸಣ್ಣದು. ಎರಡು ಮೂರು ಮೀಟರು ಉದ್ದದ, ಬೆರಳು ಗಾತ್ರದ ಒಂದು ರಬ್ಬರು ಕೊಳವೆ. ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಯಂತ್ರಕ್ಕೆ ತೊಟ್ಟಿಯಿಂದ ಪೆಟ್ರೋಲನ್ನು ಒಯ್ಯುವ ಕೊಳವೆ ಅದು. ಭತ್ತ, ತೆಂಗುಗಳ ವಿಷಯ ಹೇಳಬೇಕಾದವರು ಕೊಳವೆಯ ವಿಷಯ ಹೇಳಲು ಬಂದರಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ಕುಂದಾಪುರ, ಬೈಂದೂರು, ಹೊನ್ನಾವರಗಳ ಕಡೆಯ ಹಳ್ಳಿಗಳಲ್ಲಿ ಗದ್ದೆಯೂ ದೋಣಿಯೂ ಒಂದೇ ಮನೆಯಲ್ಲಿರುವುದು ಉಂಟು. ಹೊಳೆಯ ನಡುವಿನ ಕುದ್ರುಗಳಲ್ಲಿ ವಾಸಿಸುವವರಿಗೆ ತೆಂಗಿನಕಾಯಿಯನ್ನು ದಡಕ್ಕೆ ಸಾಗಿಸಲೂ ಗೊಬ್ಬರವನ್ನು ತರಲೂ ದೋಣಿಯೇ ಗಾಡಿ. ಆದ್ದರಿಂದ ಕೊಳವೆಯ ಮಾತು ತಮಗೆ ಹೊರಗಿನ ಮಾತಲ್ಲ.

ಮಳೆಗಾಲದ ಸಂಗತಿಯನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿಯೊಳಗಿನ ಯಂತ್ರವುಳ್ಳ ನಾಡದೋಣಿಗಳಿಗೆ ಮಾತ್ರ ಆಗ ಕಡಲಿಗಿಳಿಯಲು ಅವಕಾಶ. ಎಂದರೆ ವರ್ಷದಲ್ಲಿ ಕಡಲು ಅತ್ಯಂತ ಒರಟಾಗಿರುವ ದಿನಗಳಲ್ಲಿ ಅತ್ಯಂತ ಸಣ್ಣ ದೋಣಿಗಳು ಅಳಿವೆಯನ್ನು ದಾಟುತ್ತವೆ. ಅಳಿವೆ ಬಾಯಿಯಲ್ಲಿ ತೆರೆ ಒಡೆಯುತ್ತಿರುವಾಗ ಯಂತ್ರ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯ ಗತಿ ಏನೆಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ. ಯಂತ್ರ ನಿಲ್ಲಲು ಹತ್ತಾರು ಕಾರಣಗಳಿರಬಹುದು. ಅವುಗಳಲ್ಲಿ ಮೊದಲೇ ತಪ್ಪಿಸಬಹುದಾದದ್ದು, ಅಲ್ಪ ಖರ್ಚಿನಲ್ಲಿ ತಪ್ಪಿಸಬಹುದಾದದ್ದು, ಈ ಕೊಳವೆಯ ದೋಷ.

ಇದೇ ಕೊಳವೆ ಹತ್ತು ವರ್ಷ ಬಾಳಿತ್ತಲ್ಲ, ಈಗೇನಾಯಿತು ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ನಾಡದೋಣಿಯ ಯಂತ್ರಗಳು ಬಹುಕಾಲ ಸೀಮೆಎಣ್ಣೆಯಲ್ಲಿ ಓಡಿದವು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು ವಾಡಿಕೆಯಾಗಿತ್ತು. ಸೀಮೆಎಣ್ಣೆ ರಬ್ಬರಿಗೆ ಅಷ್ಟೊಂದು ಕಠಿಣವಾದುದಲ್ಲ. ಅದರ ಪೂರೈಕೆ ಕಡಿಮೆಯಾಗುತ್ತ ಬಂದಂತೆ ಜನರು ಪೆಟ್ರೋಲು ಯಂತ್ರಗಳ ಕಡೆಗೆ ತಿರುಗಿದರು. ಸೀಮೆಎಣ್ಣೆ ಯಂತ್ರಗಳನ್ನು ಪೆಟ್ರೋಲು ಅಥವಾ ಡೀಸೆಲಿಗೆ ಬದಲಾಯಿಸಿಕೊಳ್ಳುವವರಿಗೆ ಸಹಾಯಧನ ಕೊಡುವುದಾಗಿ 2023ರ ರಾಜ್ಯ ಮುಂಗಡಪತ್ರದಲ್ಲಿಯೂ ಹೇಳಲಾಯಿತು. ಯಂತ್ರ ಬದಲಾಯಿತು. ಆದರೆ ಎಷ್ಟೋ ದೋಣಿಗಳಲ್ಲಿ ತೊಟ್ಟಿ ಹಳೆಯದೇ, ಕೊಳವೆಯೂ ಹಳೆಯದೇ ಉಳಿಯುತ್ತದೆ.

ಅದೇ ಕಾಲಕ್ಕೆ ಪೆಟ್ರೋಲು ಕೂಡ ಬದಲಾಯಿತು. ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಆಲೋಚನೆ ಹೊಸದೇನಲ್ಲ. ಅದಕ್ಕಾಗಿ 1948ರಲ್ಲಿಯೇ ನಮ್ಮ ದೇಶದಲ್ಲಿ ಒಂದು ಕಾಯಿದೆಯಾಗಿತ್ತು. ಆದರೆ ಅದು ದೊಡ್ಡ ಪ್ರಮಾಣದಲ್ಲಿ ನಡೆದುದು ಇತ್ತೀಚೆಗೆ. 2022ರ ಹೊತ್ತಿಗೆ ಶೇಕಡಾ 10ರಷ್ಟು ಬೆರೆಸುವುದು ಸಾಧ್ಯವಾಯಿತು. ಶೇಕಡಾ 20 ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ಕೊಟ್ಟರು. 2025ರ ವೇಳೆಗೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲೇ ಅದಾಯಿತು. ಈ ಎಥನಾಲ್ ಬರುವುದು ಕಬ್ಬಿನ ಹಾಲಿನಿಂದ, ಕಾಕಂಬಿಯಿಂದ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ರೈತರ ಬೆಳೆಗೆ ಇದರಿಂದ ಒಂದು ಹೊಸ ಗಿರಾಕಿ ಸಿಕ್ಕಂತಾಗಿದೆ. ಆದುದರಿಂದ ನಾನು ಎಥನಾಲನ್ನು ದೂರುವವನಲ್ಲ. ಅದರ ಗುಣವನ್ನು ಅರಿತು ಅದಕ್ಕೆ ತಕ್ಕ ಕೊಳವೆಯನ್ನು ಹಾಕಿಕೊಳ್ಳಿ ಎಂದಷ್ಟೇ ಹೇಳುವವನು.

ರಬ್ಬರಿನಲ್ಲಿ ಹಲವು ಜಾತಿಗಳಿವೆ. ಮರದ ಹಾಲಿನಿಂದಾದ ರಬ್ಬರು ಪೆಟ್ರೋಲಿನಲ್ಲಿ ನೆನೆದ ಕಡಲೆಯಂತೆ ಉಬ್ಬುತ್ತದೆ. ಅದನ್ನು ಈ ಕೆಲಸಕ್ಕೆ ಮುಟ್ಟಲೇಕೂಡದು. ನೈಟ್ರೈಲ್ ಎಂಬ ಕೃತಕ ರಬ್ಬರು ಶುದ್ಧ ಪೆಟ್ರೋಲನ್ನು ಚೆನ್ನಾಗಿ ತಡೆಯುತ್ತದೆ. ಬಹುಕಾಲ ಎಲ್ಲರೂ ಬಳಸಿದ್ದು ಅದನ್ನೇ. ಎಥನಾಲ್ ಬೆರೆತಾಗ ಮಾತ್ರ ಸಂಗತಿ ಬೇರೆ. ಬರಿಯ ಪೆಟ್ರೋಲಿನಲ್ಲಿಯೂ ಬರಿಯ ಎಥನಾಲಿನಲ್ಲಿಯೂ ಅಷ್ಟಾಗಿ ಉಬ್ಬದ ಸಾಧಾರಣ ನೈಟ್ರೈಲ್, ಎರಡೂ ಬೆರೆತಾಗ ಹೆಚ್ಚು ಉಬ್ಬುತ್ತದೆ. ಉಬ್ಬಿ ಮೆತ್ತಗಾಗುತ್ತದೆ. ರಬ್ಬರನ್ನು ಮೃದುವಾಗಿಡಲು ಅದರಲ್ಲಿ ಸೇರಿಸಿದ್ದ ಎಣ್ಣೆಯಂಥ ಪದಾರ್ಥವೂ ಕರಗಿ ಪೆಟ್ರೋಲಿನೊಡನೆ ಹೊರಟು, ಕಾರ್ಬುರೇಟರಿನ ಸೂಜಿಕಣ್ಣುಗಳಲ್ಲಿ ಅಂಟಾಗಿ ಕೂರುತ್ತದೆ. ಮುಂದೆ ದೋಣಿಯನ್ನು ದಡಕ್ಕೆ ಎಳೆದು ತಿಂಗಳುಗಟ್ಟಲೆ ಬಿಟ್ಟಾಗ ಕೊಳವೆ ಒಣಗಿ ಕುಗ್ಗುತ್ತದೆ. ಮೃದು ಮಾಡುವ ಪದಾರ್ಥ ಹೋಗಿರುವುದರಿಂದ ಗಡುಸಾಗಿ ಬಿರುಕು ಬಿಡುತ್ತದೆ. ಬಿಳಿಯ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೂ ಹೀಗೆಯೇ. ಕೆಲವು ತಿಂಗಳಲ್ಲಿ ಹಳದಿಯಾಗಿ, ಕಡ್ಡಿಯಂತೆ ಬಿರುಸಾಗುತ್ತದೆ. ಒಳಗಿನ ಪೆಟ್ರೋಲು ಕಾಣುತ್ತದೆಂದು ಅದನ್ನು ಮೆಚ್ಚುವವರುಂಟು. ಒಡೆದಾಗ ಹೊರಗೂ ಕಾಣುತ್ತದೆ!

ಎಲ್ಲಕ್ಕಿಂತ ಮೋಸದ ದೋಷ ಇನ್ನೊಂದಿದೆ. ಪದರಗಳುಳ್ಳ ಕೊಳವೆಯಲ್ಲಿ ಒಳಗಿನ ತೊಗಲು ಹೊರಗಿನದನ್ನು ಬಿಟ್ಟು ಸುಲಿಯುತ್ತದೆ. ಹೊರಗಿನಿಂದ ನೋಡಿದರೆ ಕೊಳವೆ ಹೊಸದರಂತಿರುತ್ತದೆ. ಯಂತ್ರವನ್ನು ಮೆಲ್ಲಗೆ ಓಡಿಸಿದರೆ ಏನೂ ತೊಂದರೆಯಿಲ್ಲ. ವೇಗ ಹೆಚ್ಚಿಸಿದೊಡನೆ, ಎಂದರೆ ಅಳಿವೆ ದಾಟುವ ಹೊತ್ತಿಗೇ, ಎಳೆತ ಹೆಚ್ಚಾಗಿ ಸುಲಿದ ತೊಗಲು ಬಾಗಿಲು ಮುಚ್ಚಿದಂತೆ ದಾರಿಯನ್ನು ಮುಚ್ಚುತ್ತದೆ. ಯಂತ್ರ ಕೆಮ್ಮಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಹತ್ತುತ್ತದೆ. ಮೆಕಾನಿಕ್ ಬಂದು ಪ್ಲಗ್ಗು ಬದಲಾಯಿಸುತ್ತಾನೆ, ಕಾರ್ಬುರೇಟರ್ ಬಿಚ್ಚುತ್ತಾನೆ; ಕೊಳವೆಯನ್ನು ಯಾರೂ ಸೀಳಿ ನೋಡುವುದಿಲ್ಲ.

ಇದನ್ನು ಕಂಡುಹಿಡಿಯಲು ಕೈಯಿಂದ ಹಿಸುಕುವ ರಬ್ಬರು ಬುಡ್ಡೆಯೇ ಸಾಕು. ಯಂತ್ರ ಓಡುತ್ತಿರುವಾಗ ಬುಡ್ಡೆ ತಾನಾಗಿ ಚಪ್ಪಟೆಯಾಗಿ ಒಳಗೆ ಸೇದಿಕೊಂಡರೆ ತೊಟ್ಟಿಗೂ ಬುಡ್ಡೆಗೂ ನಡುವೆ ಎಲ್ಲೋ ತಡೆಯಿದೆ ಎಂದು ತಿಳಿಯಿರಿ. ಮೊದಲು ತೊಟ್ಟಿಯ ಮುಚ್ಚಳದ ಗಾಳಿ ತಿರುಪು ತೆರೆದಿದೆಯೇ ನೋಡಿ; ತೆರೆದಿದ್ದರೂ ಹಾಗೆಯೇ ಆದರೆ ತೊಟ್ಟಿಯೊಳಗಿನ ಜರಡಿಯನ್ನೂ ಆ ಕಡೆಯ ಕೊಳವೆಯನ್ನೂ ಪರೀಕ್ಷಿಸಿರಿ. ಎಷ್ಟು ಹಿಸುಕಿದರೂ ಬುಡ್ಡೆ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ, ಇಲ್ಲವೆ ಬುಡ್ಡೆಯ ಕವಾಟ ಕೆಟ್ಟಿದೆ.

ಹಾಗಾದರೆ ಕೊಳ್ಳುವುದು ಎಂಥ ಕೊಳವೆಯನ್ನು? ಒಳಪದರ ಫ್ಲೋರೋ ರಬ್ಬರಿನದಾಗಿರಬೇಕು; ಇದನ್ನು ಅಂಗಡಿಯವರು ವೈಟಾನ್ ಎಂಬ ವ್ಯಾಪಾರದ ಹೆಸರಿನಿಂದಲೂ ಕರೆಯುತ್ತಾರೆ. ಇಲ್ಲವೆ ಪೆಟ್ರೋಲನ್ನು ತಡೆಯುವ ವಿಶೇಷ ಪ್ಲಾಸ್ಟಿಕ್ಕಿನ ತೆಳು ಪದರವನ್ನು ಒಳಗೊಂಡ ಬಹುಪದರದ ಕೊಳವೆಯಾಗಿರಬೇಕು. ನಡುವೆ ನೂಲಿನ ಹೆಣಿಗೆ, ಮೇಲೆ ಬಿಸಿಲನ್ನೂ ಉಪ್ಪುನೀರನ್ನೂ ತಡೆಯುವ ಹೊದಿಕೆ ಇರಬೇಕು. ಅಂಗಡಿಯವನ ಮಾತಿಗಿಂತ ಕೊಳವೆಯ ಮೈಮೇಲೆ ಅಚ್ಚಾಗಿರುವ ಬರಹವನ್ನು ನಂಬಿರಿ. ದೋಣಿಯ ಕೊಳವೆಗಳ ಮೇಲೆ ಎಸ್.ಎ.ಇ. ಜೆ 1527 ಎಂದೋ, ಐ.ಎಸ್.ಓ. 7840 ಅಥವಾ 8469 ಎಂದೋ ಇರುತ್ತದೆ. ಎಸ್.ಎ.ಇ. ಗುರುತಿನ ಜೊತೆಗೆ ಬರುವ 'ಎ' ಅಕ್ಷರಕ್ಕೆ ಎರಡೂವರೆ ನಿಮಿಷ ಬೆಂಕಿಯನ್ನು ತಾಳುವ ಕೊಳವೆ ಎಂದರ್ಥ. 'ಬಿ' ಎಂದರೆ ಆ ಬೆಂಕಿಯ ಪರೀಕ್ಷೆಗೆ ಒಳಗಾಗದ್ದು. ತೆರೆದ ದೋಣಿಯಲ್ಲಿ ಹಿಂಬದಿಯ ಯಂತ್ರಕ್ಕೆ 'ಬಿ 1-15' ಎಂಬ ಗುರುತಿನದು ಸಾಮಾನ್ಯವಾಗಿ ಸಾಕು. ಈ 15 ಎಂಬ ಅಂಕಿ ಅಮೆರಿಕದ ಕಟ್ಟಳೆಯಿಂದ ಬಂದದ್ದು. ಒಂದು ಚದರ ಮೀಟರು ಕೊಳವೆಯ ಮೈಯಿಂದ ದಿನವೊಂದಕ್ಕೆ 15 ಗ್ರಾಮಿಗಿಂತ ಹೆಚ್ಚು ಪೆಟ್ರೋಲು ಆವಿಯಾಗಿ ಹೊರಬೀಳಕೂಡದೆಂದು ಅದರ ತಾತ್ಪರ್ಯ. ಅದನ್ನು ಅಳೆಯುವುದು ಶೇಕಡಾ 10 ಎಥನಾಲ್ ಇರುವ ಪರೀಕ್ಷಾ ಪೆಟ್ರೋಲಿನಿಂದ. ನಮ್ಮಲ್ಲಿರುವುದು 20. ಆದ್ದರಿಂದ ಗುರುತು ನೋಡಿದ ಮೇಲೂ 20ಕ್ಕೆ ಒಗ್ಗುತ್ತದೆಯೇ ಎಂದು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿರಿ.

ದೋಣಿಯ ಕೊಳವೆ ಸಿಗದ ಊರುಗಳಲ್ಲಿ ಕಾರಿನ ಇಂಜೆಕ್ಷನ್ ಕೊಳವೆ ಸಿಗಬಹುದು. ಎಸ್.ಎ.ಇ. 30 ಆರ್ 9 ಎಂಬ ಗುರುತಿನ ಕೊಳವೆಗೆ ಸಾಮಾನ್ಯವಾಗಿ ಫ್ಲೋರೋ ರಬ್ಬರಿನ ಒಳಪದರ ಇರುತ್ತದೆ. ಅದು ದೋಣಿಗೆಂದು ಮಾಡಿದ್ದಲ್ಲವಾದರೂ ಗುರುತೇ ಇಲ್ಲದ ಕೊಳವೆಗಿಂತ ಎಷ್ಟೋ ಮೇಲು. ಅಡುಗೆ ಅನಿಲದ ಕೊಳವೆ, ತೋಟಕ್ಕೆ ನೀರು ಬಿಡುವ ಪೈಪು, ಇವುಗಳನ್ನು ಖಂಡಿತ ಹಾಕಬೇಡಿ. ಒಳ್ಳೆಯ ಕೊಳವೆಗೆ ಮೀಟರಿಗೆ ಹಲವು ಪಾಲು ಹೆಚ್ಚು ಬೆಲೆ, ನಿಜ. ಬೇಕಾಗುವುದು ಎರಡು ಮೂರು ಮೀಟರು ಮಾತ್ರ ಎಂಬುದೂ ನಿಜ. ಒಳಗಿನ ವ್ಯಾಸ 6 ಮಿಲಿಮೀಟರೋ 8 ಮಿಲಿಮೀಟರೋ ಎಂಬುದನ್ನು ಯಂತ್ರದ ಕೈಪಿಡಿಯಿಂದ ತಿಳಿದುಕೊಳ್ಳಿ. ಬುಡ್ಡೆಯನ್ನೂ ಜೊತೆಯಲ್ಲಿಯೇ ಬದಲಾಯಿಸಿರಿ.

ಗುರುತಿನ ಮೇಲೆ ಅನುಮಾನವಿದ್ದರೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ನಾಲ್ಕು ಬೆರಳುದ್ದದ ಎರಡು ತುಂಡುಗಳನ್ನು ಕೊಯ್ದು, ಒಂದನ್ನು ತಾವು ದಿನವೂ ಕೊಳ್ಳುವ ಬಂಕಿನ ಪೆಟ್ರೋಲು ತುಂಬಿದ ಗಾಜಿನ ಭರಣಿಯಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ಒಲೆಗೂ ಮಕ್ಕಳಿಗೂ ದೂರವಾಗಿ ಮನೆಯ ಹೊರಗೆ ನೆರಳಿನಲ್ಲಿ ಒಂದು ವಾರ ಇಡಿ. ಭರಣಿಯ ಮೇಲೆ ಪೆಟ್ರೋಲೆಂದು ಬರೆದಿರಲಿ. ವಾರದ ನಂತರ ತೆಗೆದು ಇನ್ನೊಂದು ತುಂಡಿನ ಪಕ್ಕದಲ್ಲಿ ಹಿಡಿದು ನೋಡಿ. ಅಲ್ಪಸ್ವಲ್ಪ ಉಬ್ಬಿದ್ದರೆ ಚಿಂತೆಯಿಲ್ಲ. ಕಣ್ಣಿಗೆ ಹೊಡೆಯುವಂತೆ ದಪ್ಪವಾಗಿದ್ದರೆ, ಕೈಗೆ ಅಂಟಿದರೆ, ಪೆಟ್ರೋಲಿಗೆ ಕಪ್ಪು ಬಣ್ಣ ಬಿಟ್ಟಿದ್ದರೆ, ಒಳತೊಗಲು ಏಳುತ್ತಿದ್ದರೆ ಆ ಕೊಳವೆ ಬೇಡ. ಎರಡು ದಿನ ಗಾಳಿಗೆ ಒಣಗಿಸಿ ಬಾಗಿಸಿ. ಬಿರುಕು ಬಿಟ್ಟರೂ ಬೇಡ. ಈ ಪರೀಕ್ಷೆಯಿಂದ ಕೆಟ್ಟದ್ದು ಬೇಗ ಗೊತ್ತಾಗುತ್ತದೆ. ಅದರಲ್ಲಿ ಗೆದ್ದ ಕೊಳವೆಯೆಲ್ಲ ಐದು ವರ್ಷ ಬಾಳುತ್ತದೆಂದು ತಿಳಿಯಬೇಡಿ.

ಜೋಡಿಸುವಾಗ ತುದಿಯನ್ನು ಹರಿತವಾದ ಚೂರಿಯಿಂದ ನೇರವಾಗಿ ಕೊಯ್ಯಿರಿ. ಒಳಗೆ ಹೋಗದಿದ್ದರೆ ಬಿಸಿನೀರಿನಲ್ಲಿ ಅದ್ದಿ, ಬೆಂಕಿ ತೋರಿಸಬೇಡಿ. ತಂತಿಯಿಂದ ಬಿಗಿದರೆ ಅದು ರಬ್ಬರನ್ನು ಕೊಯ್ಯುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಪಟ್ಟಿ ಕ್ಲಿಪ್ಪನ್ನು ಹಾಕಿರಿ. ಬುಡ್ಡೆಯ ಮೇಲಿನ ಬಾಣದ ಗುರುತು ಯಂತ್ರದ ಕಡೆಗಿರಲಿ. ಯಂತ್ರ ಎಡಕ್ಕೂ ಬಲಕ್ಕೂ ತಿರುಗುವಾಗ ಕೊಳವೆ ಸೆಳೆಯದಷ್ಟು ಸಡಿಲವಿರಲಿ. ಮೀನಿನ ಪೆಟ್ಟಿಗೆಯ ಕೆಳಗಾಗಲಿ ತುಳಿಯುವ ದಾರಿಯಲ್ಲಾಗಲಿ ಅದು ಬೀಳಕೂಡದು. ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಕೊಳವೆಯ ಉದ್ದಕ್ಕೂ ಒರೆಸಿ ಬಟ್ಟೆಯನ್ನು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಕೊಳವೆಯ ಮೈಯಿಂದಲೇ ಆವಿ ಹೊರಡುತ್ತಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕೂತು ಒಂದು ಬೀಡಿಯ ಕಿಡಿಗಾಗಿ ಕಾಯುತ್ತದೆ.

ಕೊಳವೆ ಒಳ್ಳೆಯದಾದ ಮಾತ್ರಕ್ಕೆ ನೀರಿನ ತೊಂದರೆ ತಪ್ಪದು. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲಿಗೆ ಸುಮಾರು ಶೇಕಡಾ ಅರ್ಧದಷ್ಟು ನೀರು ಸೇರಿದರೆ, ಎಂದರೆ 25 ಲೀಟರಿನ ತೊಟ್ಟಿಯಲ್ಲಿ ಒಂದು ಸಣ್ಣ ಲೋಟದಷ್ಟು, ನೀರೂ ಎಥನಾಲೂ ಕೂಡಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಶೇಕಡಾ 20ರದು ಇನ್ನೂ ಸ್ವಲ್ಪ ಹೆಚ್ಚು ನೀರನ್ನು ತಾಳುತ್ತದೆ. ಆದರೆ ಒಡೆದಾಗ ತಳದ ಪದರವೂ ದಪ್ಪ. ಕೊಳವೆ ಸೇದುವುದು ತಳದಿಂದಲೇ. ಎರಡು ಹೊಡೆತದ ಯಂತ್ರವಾದರೆ ಆ ಪದರದಲ್ಲಿ ಬೆರಕೆ ಎಣ್ಣೆಯೂ ಇರುವುದಿಲ್ಲವಾದ್ದರಿಂದ ಪಿಸ್ಟನ್ ಒಣಗಿ ಸವೆಯುತ್ತದೆ. ತೊಟ್ಟಿಗೂ ಯಂತ್ರಕ್ಕೂ ನಡುವೆ ನೀರು ಬೇರ್ಪಡಿಸುವ ಸೋಸುಕವನ್ನು ಕೂರಿಸಿರಿ, ಪೆಟ್ರೋಲನ್ನು ಆಯಾ ವಾರಕ್ಕೆ ಬೇಕಾದಷ್ಟೇ ತನ್ನಿ. ಇನ್ನೊಂದು ಮಾತು. ಅಮೆರಿಕದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಇರುವ ಪೆಟ್ರೋಲನ್ನು ದೋಣಿ ಯಂತ್ರಕ್ಕೆ ಹಾಕಕೂಡದೆಂದು ಕಟ್ಟಳೆಯಿದೆ. ಎಷ್ಟೋ ಯಂತ್ರಗಳ ಕೈಪಿಡಿಯಲ್ಲಿಯೂ 10ರ ಮಿತಿಯನ್ನೇ ಹೇಳಿರುತ್ತದೆ. ಹೊಸ ಯಂತ್ರ ಕೊಳ್ಳುವವರು 20ಕ್ಕೆ ತಕ್ಕ ಭಾಗಗಳಿವೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು.

ದೋಣಿಯಿಲ್ಲದವರು ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ತಮ್ಮ ಪೆಟ್ರೋಲು ಪಂಪಿನ, ಔಷಧಿ ಸಿಂಪಡಿಸುವ ಯಂತ್ರದ, ಕಳೆ ಕೊಯ್ಯುವ ಯಂತ್ರದ ಕೊಳವೆಗಳಿಗೂ ಇದೇ ಪೆಟ್ರೋಲು ಹರಿಯುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮುನ್ನ ಅವನ್ನೂ ಒಮ್ಮೆ ಹಿಸುಕಿ ನೋಡಿ. ಬದಲಾಯಿಸಿದ ಹಳೆಯ ಕೊಳವೆಯನ್ನು ಮಾತ್ರ ಮುಂದಕ್ಕಾಗುತ್ತದೆಂದು ಅಟ್ಟದ ಮೇಲೆ ಎತ್ತಿಡಬೇಡಿ. ಗೇಣುದ್ದದ ತುಂಡುಗಳಾಗಿ ಕೊಯ್ದು ಎಸೆಯಿರಿ. ಇಡಿಯಾಗಿ ಉಳಿದರೆ ಯಾರಾದರೊಬ್ಬರು ಅವಸರದಲ್ಲಿ ಅದನ್ನೇ ಮತ್ತೆ ದೋಣಿಗೆ ಸಿಕ್ಕಿಸಿಯಾರು.